ಸಾಲ ತೀರಿದ ಮೇಲೆ ಸಾಲ ಕೊಟ್ಟವರ ಕೆಲಸ

(ಸಂಘದ ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಸಂಘದ ನಿವೃತ್ತ ಕಾರ್ಯದರ್ಶಿಗಳು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿವಸ ನಮಗೂ ನಾಲ್ಕು ಮಾತು ಆಡಲು ಅವಕಾಶ ಕೊಟ್ಟಿದ್ದೀರಿ.  ಮುಂಜಾನೆಯಿಂದ ಈ ವೇದಿಕೆಯ ಮೇಲೆ ಸಾಲ ವಸೂಲಿಯ ಬಗ್ಗೆ ಬಹಳ ಮಂದಿ ಮಾತಾಡಿದರು. ವಸೂಲಿ ಪ್ರತಿಶತ ಎಷ್ಟಾಯಿತು, ಸುಸ್ತಿ ಎಷ್ಟು ಉಳಿಯಿತು, ಅದನ್ನು ಹೇಗೆ ಎತ್ತಬೇಕು, ಎಲ್ಲವನ್ನೂ ಕೇಳಿದಿರಿ. ಅದು ಬೇಕಾದ ಮಾತೇ. ವಸೂಲಿ ಇಲ್ಲದೆ ಸಂಘ ನಡೆಯುವುದಿಲ್ಲ. ಸಂಘದ ರೊಕ್ಕ ಯಾರೊಬ್ಬರ ಮನೆಯದೂ ಅಲ್ಲ, ಠೇವು ಇಟ್ಟ ನಿಮ್ಮೆಲ್ಲರದು.

ಆದರೆ ನಾವು ಹೇಳಲು ಎದ್ದು ನಿಂತಿರುವುದು ಅದರ ಮುಂದಿನ ಮಾತು. ಸಾಲಗಾರ ಕಟ್ಟಲಿಲ್ಲ, ಸಂಘ ದಾವೆ ಹೂಡಿತು, ಅವಾರ್ಡು ಆಯಿತು, ಜಪ್ತಿ ಬಂತು. ಆಮೇಲೆ ಅವನು ಹೇಗೋ ಹೊಂದಿಸಿಕೊಂಡು ಬಂದು ಪೈಸೆ ಪೈಸೆ ಕಟ್ಟಿದ. ಸರಿ, ಅಲ್ಲಿಗೆ ಮುಗಿಯಿತೇ? ಅವನ ಕೆಲಸ ಮುಗಿಯಿತು. ನಮ್ಮ ಕೆಲಸ ಅಲ್ಲಿಂದ ಶುರು ಆಗುತ್ತದೆ. ಇದನ್ನು ನಾವು ಪುಸ್ತಕ ಓದಿ ಕಲಿಯಲಿಲ್ಲ. ಒಂದು ತಪ್ಪು ಮಾಡಿ ಕಲಿತೆವು. ಆ ತಪ್ಪನ್ನು ಈ ಹಬ್ಬದ ದಿನ ನಿಮ್ಮೆದುರು ಹೇಳುವುದು ಶೋಭೆಯಲ್ಲ ಎಂದು ಕೆಲವರಿಗೆ ಅನಿಸಬಹುದು. ಇಪ್ಪತ್ತೈದು ವರ್ಷದ ಲೆಕ್ಕ ಒಪ್ಪಿಸುವಾಗ ಜಮಾ ಬದಿ ಮಾತ್ರ ಓದಿ ಖರ್ಚಿನ ಬದಿ ಬಿಟ್ಟರೆ ಅದು ಲೆಕ್ಕವಾಗುವುದಿಲ್ಲ.

ನಮ್ಮ ಸಂಘದ ಒಬ್ಬ ಹಿರಿಯ ಸದಸ್ಯರಿದ್ದರು. ಹೆಸರು ಬೇಡ. ಅವರು ಬೋರ್ ಹಾಕಿಸಲು ಹೊಲವನ್ನು ಆಧಾರ ಮಾಡಿ ಸಾಲ ಪಡೆದರು. ಬೋರಿನಲ್ಲಿ ನೀರು ಬೀಳಲಿಲ್ಲ, ಮುಂದೆ ಎರಡು ವರ್ಷ ಮಳೆಯೂ ಆಗಲಿಲ್ಲ. ಕಂತು ನಿಂತಿತು. ಸಂಘ ನೋಟೀಸು ಕೊಟ್ಟಿತು, ಆಮೇಲೆ ಸಹಕಾರ ಸಂಘಗಳ ಕಾಯಿದೆಯ 70ನೇ ಕಲಮಿನ ಪ್ರಕಾರ ದಾವೆ ಹೂಡಿ ಅವಾರ್ಡು ಪಡೆಯಿತು. ಅದನ್ನು ಜಾರಿ ಮಾಡಿಸಲು ತಾಲೂಕು ಕೋರ್ಟಿನಲ್ಲಿ ದರಖಾಸ್ತು ಹಾಕಿದೆವು. ಕೋರ್ಟಿನ ಬೇಲಿಫರು ಬಂದರು. ಹೊಲದ ಬದುವಿನಲ್ಲಿ ಹಲಗೆ ಬಾರಿಸಿ ಜಪ್ತಿ ಹುಕುಂ ಓದಿದರು. ಒಂದು ಪ್ರತಿಯನ್ನು ಹೊಲದಲ್ಲಿ, ಒಂದನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿದರು. ಇದೆಲ್ಲ ಕಾನೂನಿನಂತೆಯೇ ನಡೆಯಿತು. ನಾವೂ ಬದುವಿನ ಮೇಲೆ ನಿಂತಿದ್ದೆವು.

ಅದಾದ ಆರು ತಿಂಗಳಿಗೆ ಆ ಹಿರಿಯರು ಒಂದು ಜೋಡಿ ಎತ್ತು ಮಾರಿದರು. ಮನೆಯವರ ಮೈಮೇಲಿನ ಬಂಗಾರ ಮಾರಿದರು. ಯುಗಾದಿ ಮುಂದೆ ಒಂದು ದಿನ ಸಂಘಕ್ಕೆ ಬಂದು ಅಸಲು, ಬಡ್ಡಿ, ಕೋರ್ಟು ಖರ್ಚು ಸಹಿತ ಎಲ್ಲವನ್ನೂ ಎಣಿಸಿ ಮೇಜಿನ ಮೇಲಿಟ್ಟರು. ನಾವು ಪಾವತಿ ಬರೆದುಕೊಟ್ಟೆವು, ಚಹಾ ತರಿಸಿದೆವು. ಅವರು ಪಾವತಿಯನ್ನು ಎರಡು ಸಲ ಓದಿಸಿ ಕೇಳಿ, ಮಡಚಿ ಅಂಗಿಯ ಒಳಗಿಸೆಯಲ್ಲಿ ಇಟ್ಟುಕೊಂಡು ಹೋದರು. ಖಾತೆಗೆ ಕೆಂಪು ಗೆರೆ ಎಳೆದೆವು. ಆ ವರ್ಷ ನಮ್ಮ ವಸೂಲಿ ಪ್ರತಿಶತ ಏರಿತು. ವಾರ್ಷಿಕ ಸಭೆಯಲ್ಲಿ ಚಪ್ಪಾಳೆಯೂ ಬಿತ್ತು.

ಎರಡು ವರ್ಷ ಕಳೆಯಿತು. ಆ ಹಿರಿಯರು ತೀರಿಕೊಂಡರು. ಅವರ ಮಗ ಹೊಲಕ್ಕೆ ಹನಿ ನೀರಾವರಿ ಮಾಡಿಸಬೇಕೆಂದು ಒಂದು ಬ್ಯಾಂಕಿಗೆ ಹೋದ. ಬ್ಯಾಂಕಿನವರು ಉತಾರ ನೋಡಿದರು. ಹನ್ನೊಂದನೇ ಕಾಲಮಿನಲ್ಲಿ ನಮ್ಮ ಸಂಘದ ಬೋಜಾ ಹಾಗೆಯೇ ಇದೆ, ಕೋರ್ಟಿನ ಜಪ್ತಿಯೂ ಹಾಗೆಯೇ ಇದೆ. "ಮೊದಲು ಇದನ್ನು ತೆಗೆಸಿಕೊಂಡು ಬಾ" ಎಂದು ಕಾಗದ ತಿರುಗಿ ಕೊಟ್ಟರು. ಅವನು ತಾಯಿಯನ್ನು ಕರೆದುಕೊಂಡು ಸಂಘಕ್ಕೆ ಬಂದ. ಆ ತಾಯಿ ಟ್ರಂಕಿನ ತಳದಲ್ಲಿ ಇಟ್ಟಿದ್ದ ಪಾವತಿಯನ್ನು ನಮ್ಮ ಮುಂದೆ ಬಿಚ್ಚಿಟ್ಟು ಕೇಳಿದರು: "ಸೆಕ್ರೆಟರಿ ಅಣ್ಣಾರ, ಇದು ನಿಮ್ಮ ಸಹಿ ಹೌದಲ್ಲೋ? ಮತ್ತ ನಮ್ಮ ಹೊಲದ ಮ್ಯಾಲೆ ಇನ್ನೂ ನಿಮ್ಮ ಹೆಸರ ಯಾಕ ಐತಿ?"

ನಾವು ದರಖಾಸ್ತಿನ ಕಡತ ತರಿಸಿ ನೋಡಿದೆವು. ನೋಡಿ ಕೈಕಾಲು ತಣ್ಣಗಾಯಿತು. ರೊಕ್ಕ ಮುಟ್ಟಿದ್ದನ್ನು ನಾವು ಕೋರ್ಟಿಗೆ ತಿಳಿಸಿರಲಿಲ್ಲ. ನಮ್ಮ ವಕೀಲರಿಗೂ ತಿಳಿಸಿರಲಿಲ್ಲ. ಪಾಪ, ಅವರು ವಾಯಿದೆ ಮೇಲೆ ವಾಯಿದೆ ತೆಗೆದುಕೊಳ್ಳುತ್ತ ಕೆಲಸ ನಡೆಸಿದ್ದರು. ಮುಂದಿನ ವಾಯಿದೆ ಹರಾಜಿನ ಜಾಹೀರಾತಿಗೆ ಇತ್ತು. ಅಂದರೆ ಸಾಲ ತೀರಿಸಿದ ಮನುಷ್ಯನ ಹೊಲವನ್ನು, ಅವನು ಸತ್ತ ಮೇಲೆ, ತೀರಿದ ಸಾಲಕ್ಕಾಗಿ ಹರಾಜು ಹಾಕಲು ನಾವೇ ಅರ್ಜಿ ಹಾಕಿಕೊಂಡು ಕುಳಿತಿದ್ದೆವು. ಯಾರಿಗೂ ಮೋಸ ಮಾಡುವ ಮನಸ್ಸು ಇರಲಿಲ್ಲ. ಆದರೆ ಹೊಲ ಹೋಗಿದ್ದರೆ ನಮ್ಮ ಮನಸ್ಸು ಹೇಗಿತ್ತು ಎಂದು ಕೇಳುವವರು ಯಾರು?

ನಾವು ಸಮಾಧಾನ ಹೇಳಲು ಹೋದೆವು. ಆಗ ಆ ತಾಯಿ ಒಂದು ಮಾತು ಅಂದರು. "ಜಪ್ತಿ ಮಾಡಾಕ ಬಂದಾಗ ಹಲಗಿ ಬಾರಿಸಿದ್ರಿ, ಊರಿಗೆಲ್ಲ ಕೇಳಿಸ್ತು. ನಮ್ಮ ಯಜಮಾನ್ರು ರೊಕ್ಕ ಕಟ್ಟಿದ್ದು ಯಾರಿಗೂ ಕೇಳಿಸಲಿಲ್ಲ. ಸಾಯೋತನಕ ಮಂದಿ ಅವರನ್ನ ಜಪ್ತಿ ಆದವರು ಅಂತನ ನೋಡಿದ್ರು." ಆ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇಂದಿಗೂ ಇಲ್ಲ.

ಬಂಧುಗಳೇ, ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದನ್ನು ಆ ಮೇಲೆ ವಕೀಲರ ಹತ್ತಿರ ಕುಳಿತು ಬಿಡಿಸಿ ಬಿಡಿಸಿ ತಿಳಿದುಕೊಂಡೆವು. ಅದನ್ನು ನಿಮಗೂ ಹೇಳುತ್ತೇವೆ. ಇದು ಸಂಘಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಈ ಸಭೆಯಲ್ಲಿ ಕೈಗಡ ಕೊಟ್ಟವರಿದ್ದೀರಿ, ಪ್ರಾಮಿಸರಿ ನೋಟು ಬರೆಸಿಕೊಂಡವರಿದ್ದೀರಿ, ಕೋರ್ಟಿನಲ್ಲಿ ಡಿಕ್ರಿ ಪಡೆದವರೂ ಇದ್ದೀರಿ. ಸಾಲ ಕೊಟ್ಟವರು ಯಾರೇ ಇರಲಿ, ಕರ್ತವ್ಯ ಒಂದೇ.

ಮೊದಲು ತಿಳಿಯಬೇಕಾದದ್ದು ಇದು. ಸಾಲ ಒಂದೇ ಇದ್ದರೂ ದಾವೆ ಆದ ಮೇಲೆ ಅದರ ನೆರಳು ಹಲವು ಕಡೆ ಬಿದ್ದಿರುತ್ತದೆ. ಕೋರ್ಟಿನ ಕಡತದಲ್ಲಿ ಒಂದು, ಉತಾರದಲ್ಲಿ ಒಂದು, ಸಬ್ ರಿಜಿಸ್ಟ್ರಾರರ ಪುಸ್ತಕದಲ್ಲಿ ಒಂದು, ನಮ್ಮ ತಿಜೋರಿಯಲ್ಲಿ ಒಂದು, ಜಾಮೀನುದಾರನ ಮನೆಯಲ್ಲಿ ಒಂದು, ಊರ ಬಾಯಲ್ಲಿ ಒಂದು. ರೊಕ್ಕ ಕಟ್ಟಿದ ಕೂಡಲೆ ನಮ್ಮ ಖಾತೆಯ ಗೆರೆ ಅಳಿಯುತ್ತದೆ. ಉಳಿದ ನೆರಳುಗಳು ತಾವಾಗಿ ಅಳಿಯುವುದಿಲ್ಲ. ಯಾರು ಬೀಳಿಸಿದರೋ ಅವರೇ ಹೋಗಿ ಒಂದೊಂದಾಗಿ ಅಳಿಸಬೇಕು.

ಕೋರ್ಟಿನ ಮಾತು ಮೊದಲು. ದಿವಾಣಿ ಪ್ರಕ್ರಿಯಾ ಸಂಹಿತೆ ಎಂದು 1908ರ ಕಾಯಿದೆ ಇದೆ. ಅದರ 21ನೇ ಆರ್ಡರಿನ 2ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ: ಡಿಕ್ರಿಯ ಹಣ ಕೋರ್ಟಿನ ಹೊರಗೆ ಮುಟ್ಟಿದರೆ, ಪೂರ್ತಿ ಮುಟ್ಟಲಿ, ಅರ್ಧ ಮುಟ್ಟಲಿ, ಡಿಕ್ರಿ ಪಡೆದವನು ಅದನ್ನು ಡಿಕ್ರಿ ಜಾರಿ ಮಾಡುವ ಕೋರ್ಟಿಗೆ ತಿಳಿಸಬೇಕು, ಕೋರ್ಟು ಅದನ್ನು ದಾಖಲು ಮಾಡಿಕೊಳ್ಳಬೇಕು. ಮನಸ್ಸಿಗೆ ಬಂದರೆ ತಿಳಿಸುವುದಲ್ಲ, ತಿಳಿಸಲೇಬೇಕು. ಅದೇ ನಿಯಮದಲ್ಲಿ ಇನ್ನೊಂದು ಗಟ್ಟಿ ಮಾತಿದೆ. ಹೀಗೆ ದಾಖಲಾಗದ ಪಾವತಿಯನ್ನು ಡಿಕ್ರಿ ಜಾರಿ ಮಾಡುವ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಅಂದರೆ ಸಾಲಗಾರ ಕೊಟ್ಟದ್ದು ಖರೇ, ನಾವು ಇಸಿದುಕೊಂಡದ್ದು ಖರೇ, ಆದರೂ ಕೋರ್ಟಿನ ಕಡತದಲ್ಲಿ ಬರೆಯದಿದ್ದರೆ ಅಲ್ಲಿ ಸಾಲ ಜೀವಂತ.

ಎಷ್ಟು ದಿನ ಜೀವಂತ? ಕಾಲಮಿತಿ ಕಾಯಿದೆಯ ಪ್ರಕಾರ ಡಿಕ್ರಿ ಜಾರಿ ಮಾಡಿಸಲು 12 ವರ್ಷ ಅವಕಾಶವಿದೆ. ಸಾಲಗಾರ ತೀರಿಕೊಂಡರೆ ಅವನು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ವಾರಸುದಾರರ ಮೇಲೂ ಜಾರಿ ಮಾಡಿಸಬಹುದು. ಅಪ್ಪ ಕಟ್ಟಿದ್ದನ್ನು ನೋಡಿರದ ಮಗ, ಪಾವತಿ ಎಲ್ಲಿದೆ ಎಂದು ತಿಳಿಯದ ಸೊಸೆ, ಇವರ ಮುಂದೆ ಹತ್ತು ವರ್ಷದ ಮೇಲೆ ಬೇಲಿಫ ಬಂದು ನಿಂತರೆ ಏನು ಗತಿ? ನಮ್ಮ ಊರಿನಲ್ಲಿ ಪಾವತಿಯನ್ನು ಇಲಿ ತಿಂದದ್ದುಂಟು, ಸೋರುವ ಮನೆಯಲ್ಲಿ ನೆನೆದು ಅಕ್ಷರ ಹೋದದ್ದುಂಟು.

ಸಾಲಗಾರನಿಗೂ ಕಾನೂನು ದಾರಿ ಇಟ್ಟಿದೆ. ಡಿಕ್ರಿ ಪಡೆದವನು ತಿಳಿಸದಿದ್ದರೆ ಸಾಲಗಾರನೇ ಕೋರ್ಟಿಗೆ ಅರ್ಜಿ ಕೊಟ್ಟು ಪಾವತಿಯನ್ನು ದಾಖಲು ಮಾಡಿಸಬಹುದು. ಆದರೆ ಆ ಅರ್ಜಿಗೆ ರೊಕ್ಕ ಕೊಟ್ಟ ದಿನದಿಂದ 30 ದಿವಸದ ಗಡುವು ಇದೆ. ಅದಕ್ಕೆ ಲಿಖಿತ ಪುರಾವೆಯೂ ಬೇಕು, ಇಲ್ಲವೆ ಡಿಕ್ರಿ ಪಡೆದವನು ಒಪ್ಪಿಕೊಂಡಿರಬೇಕು. ನಮ್ಮ ಸದಸ್ಯರಲ್ಲಿ ಎಷ್ಟು ಮಂದಿಗೆ ಈ 30 ದಿವಸದ ಮಾತು ಗೊತ್ತಿದೆ? ಕೈ ಎತ್ತಿರಿ ಎಂದರೆ ನಾಲ್ಕು ಕೈ ಏಳಲಿಕ್ಕಿಲ್ಲ. ಗೊತ್ತಿಲ್ಲದವನ ಮೇಲೆ ಭಾರ ಹಾಕಿ ಗೊತ್ತಿದ್ದ ನಾವು ಸುಮ್ಮನೆ ಕೂಡುವುದು ಸಹಕಾರವಲ್ಲ. ಅದನ್ನು ಸಾವುಕಾರಿಕೆ ಅನ್ನುತ್ತಾರೆ.

ಇನ್ನು, ರೊಕ್ಕ ಮುಟ್ಟಿದ ಮೇಲೂ ಬೇಕಂತಲೇ ಡಿಕ್ರಿ ಜಾರಿ ಮಾಡಿಸುವವರಿದ್ದಾರೆ. ಅದು ಬರೀ ಅನ್ಯಾಯವಲ್ಲ, ಅಪರಾಧ. ಹಳೆಯ ಭಾರತೀಯ ದಂಡ ಸಂಹಿತೆಯ 210ನೇ ಕಲಮಿನಲ್ಲಿ, ತೀರಿದ ಡಿಕ್ರಿಯನ್ನು ಮೋಸದಿಂದ ಜಾರಿ ಮಾಡಿಸಿದವನಿಗೆ 2 ವರ್ಷದವರೆಗೆ ಸಜೆ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಅಪರಾಧವೇ. ನಾವು ಮಾಡಿದ್ದು ಮೋಸವಲ್ಲ, ಮೈಮರೆವು. ಆದರೆ ಹೊರಗೆ ನಿಂತು ನೋಡುವವರಿಗೆ ಎರಡರ ನಡುವೆ ಒಂದು ಕೂದಲಿನಷ್ಟೇ ಅಂತರ.

ಎರಡನೆಯದು ಜಪ್ತಿ. ಅದೇ 21ನೇ ಆರ್ಡರಿನ 54ನೇ ನಿಯಮದಂತೆ ಹೊಲ ಮನೆ ಜಪ್ತಿ ಮಾಡುವಾಗ ಹಲಗೆ ಬಾರಿಸಬೇಕು ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಬೇಕು, ಹುಕುಮಿನ ಪ್ರತಿ ಅಂಟಿಸಬೇಕು. ಇದು ಎಲ್ಲರಿಗೂ ಗೊತ್ತು. 55ನೇ ನಿಯಮ ಯಾರಿಗೂ ಗೊತ್ತಿಲ್ಲ. ಡಿಕ್ರಿಯ ಹಣ, ಖರ್ಚು ವೆಚ್ಚ ಸಹಿತ ಕೋರ್ಟಿಗೆ ಮುಟ್ಟಿದರೆ, ಇಲ್ಲವೆ ತೀರಿತೆಂದು ಕೋರ್ಟಿಗೆ ತಿಳಿಸಿದರೆ, ಜಪ್ತಿ ತೆಗೆದಂತೆಯೇ ಸರಿ ಎಂದು ಅದು ಹೇಳುತ್ತದೆ. ಮುಂದೆ ಕೇಳಿರಿ. ಸಾಲಗಾರ ಇಚ್ಛೆಪಟ್ಟರೆ, ಅವನ ಖರ್ಚಿನಲ್ಲಿ, ಜಪ್ತಿ ತೆಗೆದದ್ದನ್ನೂ ಸಾರಬೇಕು, ಅದರ ಪ್ರತಿಯನ್ನೂ ಜಪ್ತಿಯ ಪ್ರತಿ ಅಂಟಿಸಿದ ಹಾಗೆಯೇ ಅಂಟಿಸಬೇಕು. ಆ ತಾಯಿ ಕೇಳಿದ್ದು ಇದನ್ನೇ ಅಲ್ಲವೇ? ಅಕ್ಷರ ಬಾರದ ಆ ಹೆಣ್ಣುಮಗಳು ಹೇಳಿದ ನ್ಯಾಯವೂ ಕಾಯಿದೆಯ ಪುಸ್ತಕದಲ್ಲಿರುವ ನ್ಯಾಯವೂ ಒಂದೇ ಆಗಿತ್ತು. ನಡುವೆ ನಾವು ಅಡ್ಡ ನಿಂತಿದ್ದೆವು. ನಾವು ಕೋರ್ಟಿಗೆ ತಿಳಿಸದೆ ಇದ್ದದ್ದರಿಂದಲೇ ಆ ಜಪ್ತಿ ತೆರವಾಗದೆ ಉಳಿದಿತ್ತು.

ಮೂರನೆಯದು ಉತಾರ. ಅವಾರ್ಡು ತೀರಿದರೂ, ಕೋರ್ಟು ದಾಖಲು ಮಾಡಿಕೊಂಡರೂ, ಹನ್ನೊಂದನೇ ಕಾಲಮಿನ ಬೋಜಾ ತಾನಾಗಿ ಹೋಗುವುದಿಲ್ಲ. ಈಗ ಉತಾರವೆಲ್ಲ ಭೂಮಿ ಕಂಪ್ಯೂಟರಿನಲ್ಲಿದೆ. ಮೊದಲಿನಂತೆ ತಲಾಠಿಯವರಿಗೆ ಹೇಳಿ ಕೈಬರಹದಲ್ಲಿ ತಿದ್ದಿಸುವ ಕಾಲ ಹೋಯಿತು. ಸಂಘ ಬೇಬಾಕಿ ಪತ್ರ ಕೊಡಬೇಕು. ಕೋರ್ಟಿನ ಜಪ್ತಿ ಇದ್ದರೆ ತೆರವಾದ ಆದೇಶದ ನಕಲು ತೆಗೆಸಿ ಜೊತೆಗಿಡಬೇಕು. ಅರ್ಜಿ ಕೊಟ್ಟು ಬದಲಾವಣೆ ಮಾಡಿಸಬೇಕು. ಕೊನೆಗೆ ಹೊಸ ಉತಾರ ತೆಗೆದು ಆ ಕಾಲಮು ಖಾಲಿ ಆಗಿದೆಯೋ ಇಲ್ಲವೋ ಕಣ್ಣಾರೆ ನೋಡಬೇಕು. ಬೇಬಾಕಿ ಪತ್ರ ಕೈಗೆ ಕೊಟ್ಟು "ಮುಂದಿಂದು ನೀ ನೋಡ್ಕೋ" ಅನ್ನುವುದು ಅರ್ಧ ಕೆಲಸ.

ನಾಲ್ಕನೆಯದು ಸಬ್ ರಿಜಿಸ್ಟ್ರಾರರ ಕಚೇರಿ. ಅಡವು ಪತ್ರ ನೋಂದಣಿಯಾಗಿದ್ದರೆ ಋಣಭಾರ ಪ್ರಮಾಣಪತ್ರದಲ್ಲಿ, ನಾವೆಲ್ಲ ಇ.ಸಿ. ಅನ್ನುತ್ತೇವಲ್ಲ, ಅದರಲ್ಲಿ ಅದು ಬರುತ್ತಲೇ ಇರುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 60ನೇ ಕಲಮು ಸಾಲ ತೀರಿಸಿದವನಿಗೆ ಹಕ್ಕು ಕೊಟ್ಟಿದೆ. ಅಡವು ಪತ್ರ ಮತ್ತು ಆಸ್ತಿಯ ಕಾಗದಪತ್ರಗಳನ್ನು ಅಡವು ಹಿಡಿದವನು ತಿರುಗಿ ಕೊಡಬೇಕು. ಅಡವು ನೋಂದಣಿಯಾಗಿದ್ದರೆ, ತನ್ನ ಹಕ್ಕು ಮುಗಿಯಿತೆಂಬ ಬರಹವನ್ನೂ ನೋಂದಣಿ ಮಾಡಿಸಿಕೊಡಬೇಕು. ಅದರ ಖರ್ಚು ಸಾಲಗಾರನದು. ಆದರೆ ಹೋಗಿ ಸಹಿ ಹಾಕುವ ಹೊಣೆ ನಮ್ಮದು. ಸಹಿ ಹಾಕುವ ದಿನ "ಇವತ್ತ ಪುರುಸೊತ್ತಿಲ್ಲ" ಎಂದು ನಾಲ್ಕು ಸಲ ಓಡಾಡಿಸಬಾರದು.

ಐದನೆಯದು ನಮ್ಮ ತಿಜೋರಿ. ಹಿಂದಿನ ಕಾಲದ ಒಳ್ಳೆಯ ಸಾವುಕಾರರೂ ಸಾಲ ತೀರಿದ ದಿನ ಕಾಗದ ಹರಿದು ಸಾಲಗಾರನ ಕೈಗೆ ಕೊಡುತ್ತಿದ್ದರು. ಕೆಟ್ಟವರು "ಕಾಗದ ಎಲ್ಲೋ ಇಟ್ಟೇನಿ, ನಾಳೆ ಬಾ" ಅನ್ನುತ್ತಿದ್ದರು. ಪ್ರಾಮಿಸರಿ ನೋಟಿನ ವಿಷಯದಲ್ಲಿ 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 81ನೇ ಕಲಮು ರೊಕ್ಕ ಕೊಡುವವನಿಗೆ ಎರಡು ಹಕ್ಕು ಕೊಟ್ಟಿದೆ. ಕೊಡುವ ಮೊದಲು ನೋಟು ತೋರಿಸು ಎಂದು ಕೇಳಬಹುದು, ಕೊಟ್ಟ ಮೇಲೆ ತಿರುಗಿ ಕೊಡು ಎಂದು ಕೇಳಬಹುದು. ಭದ್ರತೆಗೆಂದು ಇಸಿದುಕೊಂಡ ಖಾಲಿ ಚೆಕ್ಕುಗಳನ್ನೂ ಎಣಿಸಿ ತಿರುಗಿ ಕೊಡಬೇಕು. ಚೆಕ್ ಬೌನ್ಸ್ ಕೇಸು ಹಾಕಿದ್ದರೆ ಅದು ಬೇರೆ ಕೋರ್ಟಿನಲ್ಲಿ ಬೇರೆ ನಂಬರಿನಲ್ಲಿ ನಡೆದಿರುತ್ತದೆ. ಅಲ್ಲಿಯೂ ಹಾಜರಾಗಿ ರಾಜಿ ಬರೆಸಿ ಮುಗಿಸಬೇಕು. ಇಲ್ಲದಿದ್ದರೆ ದಿವಾಣಿ ಸಾಲ ತೀರಿಸಿದವನ ಮನೆಗೆ ಫೌಜುದಾರಿ ವಾರಂಟು ಬಂದೀತು.

ಬ್ಯಾಂಕುಗಳಿಗೆ ಈ ಬಗ್ಗೆ ಈಗ ಬಿಗಿ ನಿಯಮವಿದೆ. ರಿಜರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ ಆದೇಶ ಹೊರಡಿಸಿ, ಅದೇ ವರ್ಷದ ಡಿಸೆಂಬರ್ 1ರಿಂದ ಜಾರಿಗೆ ತಂದಿತು. ಅದರಂತೆ ಸಾಲ ಪೂರ್ತಿ ತೀರಿದ 30 ದಿವಸದೊಳಗೆ ಆಸ್ತಿಯ ಮೂಲ ಕಾಗದ ತಿರುಗಿ ಕೊಟ್ಟು, ನೋಂದಣಿಯಾದ ಋಣಭಾರ ತೆಗೆಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರನಿಗೆ ಪರಿಹಾರ ಕೊಡಬೇಕು. ವಾಣಿಜ್ಯ ಬ್ಯಾಂಕುಗಳಿಗೂ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕುಗಳಿಗೂ ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ನಮ್ಮಂಥ ಹಳ್ಳಿಯ ಪತ್ತಿನ ಸಂಘ ರಿಜರ್ವ್ ಬ್ಯಾಂಕಿನ ಕೈಕೆಳಗೆ ಬರುವುದಿಲ್ಲ, ಆದ್ದರಿಂದ ಆ ದಂಡ ನಮಗಿಲ್ಲ. ದಂಡವಿಲ್ಲ ಎಂದರೆ ಧರ್ಮವೂ ಇಲ್ಲ ಎಂದು ತಿಳಿಯಬಾರದು. ಪರರ ಬ್ಯಾಂಕು 30 ದಿವಸದಲ್ಲಿ ಮಾಡುವುದನ್ನು ಊರವರದೇ ಸಂಘ 15 ದಿವಸದಲ್ಲಿ ಮಾಡಬೇಡವೇ?

ಆರನೆಯದು ಜಾಮೀನುದಾರರು. ಸಾಲ ಪಡೆದವನಿಗಿಂತ ಹೆಚ್ಚು ನಿದ್ದೆ ಕೆಟ್ಟವರು ಇವರು. ಅವಾರ್ಡಿನಲ್ಲಿ ಅವರ ಹೆಸರೂ ಇರುತ್ತದೆ. ಜಾಮೀನು ನಿಂತವರು ಶಾಲೆಯ ಮಾಸ್ತರರಾಗಿದ್ದರೆ ಅವರ ಪಗಾರದ ಮೇಲೆ ಜಪ್ತಿ ಹೋಗಿರುತ್ತದೆ. ಸಾಲ ತೀರಿದ್ದನ್ನು ಕೋರ್ಟಿಗೆ ತಿಳಿಸಿ ಪಗಾರದ ಜಪ್ತಿ ನಿಲ್ಲಿಸುವ ಹುಕುಂ ಅವರ ಕಚೇರಿಗೆ ಹೋಗುವಂತೆ ನೋಡದಿದ್ದರೆ, ಅಲ್ಲಿಯ ಗುಮಾಸ್ತರು ತಿಂಗಳು ತಿಂಗಳು ಕಡಿಯುತ್ತಲೇ ಇರುತ್ತಾರೆ. ಆದ್ದರಿಂದ ಪ್ರತಿ ಜಾಮೀನುದಾರನಿಗೂ "ನಿಮ್ಮ ಹೊಣೆ ಮುಗಿಯಿತು" ಎಂದು ಒಂದು ಕಾಗದ ಹೋಗಬೇಕು. ಹೆಚ್ಚು ಬಂದ ರೊಕ್ಕವನ್ನು ಕೇಳುವ ಮೊದಲೇ ತಿರುಗಿ ಕೊಡಬೇಕು. ಹರಾಜಿನ ಹಣದಲ್ಲಿ ಬಾಕಿ ಹೋಗಿ ಉಳಿದದ್ದೂ ಆಸ್ತಿಯ ಒಡೆಯನದೇ ಹೊರತು ಸಂಘದ್ದಲ್ಲ.

ಏಳನೆಯದು ಊರ ಬಾಯಿ. ಸುಸ್ತಿದಾರರ ಪಟ್ಟಿಯನ್ನು ನೋಟೀಸು ಬೋರ್ಡಿಗೆ ಹಚ್ಚುತ್ತೇವೆ. ಕಟ್ಟಿದವನ ಹೆಸರನ್ನು ಅದೇ ದಿನ ಹೊಡೆದು ಹಾಕಬೇಕು. ಸುಸ್ತಿ ಹೆಸರು ಉಳಿದರೆ ಅವನು ಆಡಳಿತ ಮಂಡಳಿಗೆ ನಿಲ್ಲಲು ಬರುವುದಿಲ್ಲ, ಮತ್ತೆ ಸಾಲ ಸಿಗುವುದಿಲ್ಲ, ಮನೆಯಲ್ಲಿ ಮದುವೆ ಮಾತು ನಡೆದಾಗ ಬೀಗರ ಕಿವಿಗೂ ಅದೇ ಬೀಳುತ್ತದೆ. ತಡವಾಗಿ ಕಟ್ಟಿದವನು ಕಟ್ಟದವನಲ್ಲ. ಎಷ್ಟೋ ಸಲ ಸುಲಭವಾಗಿ ಕಟ್ಟಿದವನಿಗಿಂತ ಎತ್ತು ಮಾರಿ ಕಟ್ಟಿದವನೇ ದೊಡ್ಡವನು.

ಕಟ್ಟುವವರಿಗೂ ಎರಡು ಮಾತು. ಡಿಕ್ರಿ ಆದ ಸಾಲವನ್ನು ಬರೀ ಕೈಯಲ್ಲಿ ಕೊಟ್ಟು ಬರಬೇಡಿರಿ. ಕೋರ್ಟಿನಲ್ಲಿಯೇ ಕಟ್ಟಿರಿ, ಇಲ್ಲವೆ ಬ್ಯಾಂಕಿನ ಮೂಲಕ ಕೊಡಿರಿ, ಇಲ್ಲವೆ ಬರಹದಲ್ಲಿ ಪುರಾವೆ ಇಸಿದುಕೊಳ್ಳಿರಿ. ಪಾವತಿಯಲ್ಲಿ ದಾವೆಯ ನಂಬರು, ದರಖಾಸ್ತಿನ ನಂಬರು, ಅಸಲು ಎಷ್ಟು, ಬಡ್ಡಿ ಎಷ್ಟು, ಖರ್ಚು ಎಷ್ಟು ಎಂದು ಬರೆಸಿರಿ. ಸಾಲ ಕೊಟ್ಟವನು ಕೋರ್ಟಿಗೆ ತಿಳಿಸಲು ಹಿಂದೆ ಮುಂದೆ ನೋಡಿದರೆ 30 ದಿವಸ ಮುಗಿಯುವ ಮುಂಚೆ ನೀವೇ ಅರ್ಜಿ ಹಾಕಿರಿ. ಅಡವು ಹಿಡಿದವನು ರೊಕ್ಕವನ್ನೇ ಇಸಿದುಕೊಳ್ಳಲು ಒಪ್ಪದಿದ್ದರೆ ಅದನ್ನು ಕೋರ್ಟಿನಲ್ಲಿ ಠೇವಣಿ ಇಡಲು ಆಸ್ತಿ ವರ್ಗಾವಣೆ ಕಾಯಿದೆಯ 83ನೇ ಕಲಮಿನಲ್ಲಿ ದಾರಿ ಇದೆ.

ಈಗ ಆ ತಾಯಿಯ ಕಥೆಯ ಉಳಿದ ಭಾಗ. ಮರುದಿನವೇ ನಾವು ವಕೀಲರ ಹತ್ತಿರ ಹೋಗಿ, ಸಾಲ ಪೂರ್ತಿ ಮುಟ್ಟಿದೆ ಎಂದು ಕೋರ್ಟಿಗೆ ಬರೆದು ಕೊಟ್ಟೆವು. ಸಾಹೇಬರು ಪಾವತಿಯ ತಾರೀಖು ನೋಡಿ, "ಇಷ್ಟು ದಿನ ಸಂಘದವರು ಏನು ಮಾಡುತ್ತಿದ್ದಿರಿ?" ಎಂದು ಕೇಳಿದರು. ತಲೆ ತಗ್ಗಿಸಿ ನಿಂತೆವು. ದರಖಾಸ್ತು ಮುಗಿಯಿತು, ಜಪ್ತಿ ತೆರವಾಯಿತು. ನಕಲು ಸಿಗಬೇಕು, ತಾಲೂಕು ಕಚೇರಿಗೆ ಹೋಗಬೇಕು, ನೋಟೀಸಿನ ಅವಧಿ ಮುಗಿಯಬೇಕು. ಹೊಸ ಉತಾರ ಕೈಗೆ ಬರುವಷ್ಟರಲ್ಲಿ ಮುಂಗಾರು ದಾಟಿ ಹೋಗಿತ್ತು. ಆ ವರ್ಷ ಆ ಹುಡುಗನಿಗೆ ಬ್ಯಾಂಕಿನ ಸಾಲ ಸಿಗಲಿಲ್ಲ, ಹೊಲಕ್ಕೆ ಪೈಪು ಬೀಳಲಿಲ್ಲ. ಅವನ ಒಂದು ವರ್ಷವನ್ನು ನಾವು ತಿಂದೆವು. ಅದಕ್ಕೆ ನಮ್ಮ ಖಾತೆ ಪುಸ್ತಕದಲ್ಲಿ ಜಮಾ ಮಾಡುವ ಜಾಗವಿಲ್ಲ.

ಆಡಳಿತ ಮಂಡಳಿ ಸಭೆ ಸೇರಿ ಓಡಾಟದ, ನಕಲಿನ ಖರ್ಚನ್ನೆಲ್ಲ ಸಂಘವೇ ಭರಿಸುವಂತೆ ಠರಾವು ಮಾಡಿತು. ಆಮೇಲೆ ಒಂದು ಕೆಲಸ ಮಾಡಿದೆವು. ಕಾಯಿದೆಯಂತೆ ಸಾಲಗಾರನ ಖರ್ಚಿನಲ್ಲಿ ಆಗಬೇಕಾದ ಡಂಗುರವನ್ನು ಸಂಘದ ಖರ್ಚಿನಲ್ಲಿ ಮಾಡಿಸಿದೆವು. ಒಂದು ಸಂಜೆ, ದನ ಮನೆಗೆ ಬರುವ ಹೊತ್ತಿಗೆ, ಅದೇ ಬದುವಿನಲ್ಲಿ ಹಲಗೆ ಬಾರಿಸಿ, ಈ ಹೊಲದ ಮೇಲಿನ ಜಪ್ತಿ ತೆರವಾಗಿದೆ, ಸಾಲ ಪೂರ್ತಿ ಮುಟ್ಟಿದೆ ಎಂದು ಸಾರಿದರು. ಪಂಚಾಯಿತಿ ಗೋಡೆಗೂ ಕಾಗದ ಹಚ್ಚಿದರು. ಆ ತಾಯಿ ಬಾಗಿಲಲ್ಲಿ ನಿಂತು ಕೇಳಿದರು. ಏನೂ ಅನ್ನಲಿಲ್ಲ. ಹಲಗೆಯವನಿಗೆ ಕರೆದು ಊಟಕ್ಕೆ ನೀಡಿದರು.

ಅಂದಿನಿಂದ ನಮ್ಮ ಸಂಘದಲ್ಲಿ ಒಂದು ಋಣಮುಕ್ತಿ ವಹಿ ಇಟ್ಟಿದ್ದೇವೆ. ಅವಾರ್ಡು ಆದ ಸಾಲ ತೀರಿದ ದಿನ ಆ ವಹಿಯಲ್ಲಿ ಒಂದು ಪುಟ ತೆರೆಯುತ್ತದೆ. ಕೋರ್ಟಿಗೆ ಅಥವಾ ಇಲಾಖೆಯ ಮಾರಾಟಾಧಿಕಾರಿಗೆ ತಿಳಿಸಿದ ತಾರೀಖು, ಜಪ್ತಿ ತೆರವು, ಉತಾರ, ಇ.ಸಿ., ಕಾಗದಪತ್ರ, ಚೆಕ್ಕು, ಜಾಮೀನುದಾರರ ಪತ್ರ, ನೋಟೀಸು ಬೋರ್ಡು, ಹೀಗೆ ಒಂದೊಂದಕ್ಕೂ ಒಂದು ಸಾಲು. ಕೊನೆಯ ಸಾಲಿನಲ್ಲಿ ಸಾಲಗಾರನ ಸಹಿ ಅಥವಾ ಹೆಬ್ಬೆಟ್ಟು. ಅವನು ಸಹಿ ಮಾಡುವ ತನಕ ಆ ಪುಟ ಮುಚ್ಚುವಂತಿಲ್ಲ. ನಾವು ನಿವೃತ್ತಿಯಾಗುವ ದಿನ ಹೊಸ ಕಾರ್ಯದರ್ಶಿಗಳಿಗೆ ತಿಜೋರಿಯ ಕೀಲಿಯ ಜೊತೆಗೆ ಈ ವಹಿಯನ್ನೂ ಕೈಯಾರೆ ಒಪ್ಪಿಸಿದೆವು.

ಆದರೆ ವಹಿ ಇಡುವುದಕ್ಕೆ ಮುಂಚಿನ ಕಡತಗಳು ಇನ್ನೂ ಕಪಾಟಿನಲ್ಲಿವೆ. ಅವುಗಳಲ್ಲಿ ಇಂಥವು ಇನ್ನೊಂದೆರಡು ಇರಲಿಕ್ಕಿಲ್ಲ ಎಂದು ಎದೆ ತಟ್ಟಿ ಹೇಳುವ ಧೈರ್ಯ ನಮಗಿಲ್ಲ. ಆದ್ದರಿಂದ ಅಧ್ಯಕ್ಷರಲ್ಲಿ ಒಂದು ವಿನಂತಿ. ಈ ರಜತ ಮಹೋತ್ಸವದ ವರ್ಷ ಮುಗಿಯುವುದರೊಳಗೆ, ತೀರಿದ ಪ್ರತಿ ಅವಾರ್ಡಿನ ಕಡತ ತೆಗೆದು, ಕೋರ್ಟಿನ ದಾಖಲೆಗೂ ಉತಾರಕ್ಕೂ ತಾಳೆ ನೋಡಿಸಬೇಕು. ಸದಸ್ಯರಲ್ಲಿಯೂ ಒಂದು ವಿನಂತಿ. ನಿಮ್ಮ ಮನೆಯ ಟ್ರಂಕಿನಲ್ಲಿ ಅಪ್ಪನ ಕಾಲದ, ಅಜ್ಜನ ಕಾಲದ ಪಾವತಿ ಇದ್ದರೆ ತೆಗೆದುಕೊಂಡು ಬರ್ರಿ. ನಿಮ್ಮ ಉತಾರವನ್ನೂ ತರ್ರಿ. ಕೂತು ನೋಡೋಣ. ನಾವು ನಿವೃತ್ತರಾದರೂ ಈ ಕೆಲಸಕ್ಕೆ ದಿನಾ ಸಂಘಕ್ಕೆ ಬಂದು ಕೂಡಲು ತಯಾರಿದ್ದೇವೆ.

ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದಾಗ ಅವರ ಕಣ್ಣ ಮುಂದೆ ಇದ್ದದ್ದು ಸಾವುಕಾರನ ಕೈಯಲ್ಲಿ ಸಿಕ್ಕಿಬಿದ್ದ ರೈತ. ಸಾವುಕಾರನಿಂದ ಬಿಡಿಸಿ ಸಂಘದ ಕೈಯಲ್ಲಿ ಸಿಕ್ಕಿಸಿ ಇಡುವುದು ಅವರ ಉದ್ದೇಶವಾಗಿರಲಿಲ್ಲ. ಕೊಟ್ಟ ಸಾಲವನ್ನು ಬಿಗಿಯಾಗಿ ವಸೂಲು ಮಾಡೋಣ, ಅದರಲ್ಲಿ ಎರಡು ಮಾತಿಲ್ಲ. ತೀರಿದ ಮೇಲೆ ಅಷ್ಟೇ ಬಿಗಿಯಾಗಿ ಕೈ ಬಿಡೋಣ.